ಕರೆಂಟಿಲ್ಲದ ಚಿಗಟೇರಿಯಿಂದ ಬಂದ ಉತ್ತರ

ಇದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ. ನನ್ನ ಮಾತು ನಂಬದವರನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಕೊಟ್ಟೂರಿನಿಂದ ಹೊರಟು ಹರಪನಹಳ್ಳಿ ದಾಟುತ್ತದೆ. ಮೊದಲು ನಿಲ್ಲುವವಳು ನಮ್ಮಮ್ಮ. ಇಂಥದ್ದನ್ನು ನಾನೂ ನಂಬುತ್ತಿರಲಿಲ್ಲ. ಯಾರಾದರೂ ದೆವ್ವ ಕಂಡೆ ಅಂದರೆ, ಯಾವ ಕಂಪನಿಯದು, ವಾರಂಟಿ ಎಷ್ಟು ವರ್ಷ ಎಂದು ಕೇಳುತ್ತಿದ್ದೆ. ಆಗ ನನಗೆ ಹದಿನೈದು, ಈಗ ಹದಿನೆಂಟು. ಈ ಇಳಿವಯಸ್ಸಿನಲ್ಲಿ ಆ ಭಾನುವಾರದ ಮಧ್ಯಾಹ್ನ ನೆನಪಾದರೆ ಮೊದಲು ನಗು ಬರುತ್ತದೆ, ಆಮೇಲೆ ಕೈಮೇಲಿನ ಕೂದಲು ಏಳುತ್ತವೆ.

ಕೊಟ್ರೇಶ ಮಾಮಾ ನಮ್ಮಮ್ಮನ ತಮ್ಮ. ಕೊಟ್ಟೂರಿನಲ್ಲಿ ಅವನದೊಂದು ಇಂಟರ್ನೆಟ್ ಆಫೀಸು. ಆಫೀಸು ಎಂದರೆ ಒಂದು ಮೇಜು, ಒಂದು ಕಂಪ್ಯೂಟರು, ಗೋಡೆಗೆ ಬಡಿದ ಒಂದು ಸ್ವಿಚ್ಚು. ದೀಪ ಹಚ್ಚುವ ಸ್ವಿಚ್ಚಲ್ಲ. ಹತ್ತಾರು ತಂತಿಗಳನ್ನು ಬಾಯಲ್ಲಿ ಕಚ್ಚಿಕೊಂಡು, ಯಾವ ಕಡೆಗೆ ಏನು ಹೋಗಬೇಕೆಂದು ನೋಡಿ ಕಳಿಸುವ ಉದ್ದನೆಯ ಡಬ್ಬಿ. ಅಂಥದೇ ಇನ್ನೊಂದು ಚಿಗಟೇರಿಯ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿತ್ತು. ಇಂಟರ್ನೆಟ್ ಕೊಡಲು ಮಾಮಾ ಹಿಡಿದ ಮೊದಲ ಊರು ಚಿಗಟೇರಿ. ಅಲ್ಲಿನ ಕಂಬಗಳನ್ನೆಲ್ಲ ತಾನೇ ಹತ್ತಿ ತಂತಿ ಎಳೆದಿದ್ದ. ರಜೆಯಲ್ಲಿ ನಾನು ಏಣಿ ಹಿಡಿಯುತ್ತಿದ್ದೆ. ಮೇಲಿನಿಂದ ಅವನು, "ಅಲ್ಲಾಡಿಸಬ್ಯಾಡಲೇ, ನಿಮ್ಮತ್ತಿ ಇನ್ನಾ ಸಣ್ಣಾಕಿ ಅದಾಳ" ಎಂದು ಕೂಗುತ್ತಿದ್ದ. ಕೆಲಸ ಮುಗಿದ ಮೇಲೆ ಬೇವಿನ ಮರದ ಕೆಳಗೆ ಮಂಡಕ್ಕಿ, ಮಿರ್ಚಿ. ಅಂಥ ಮಿರ್ಚಿ ಆಮೇಲೆ ನಾನು ತಿಂದಿಲ್ಲ.

ಆ ವರ್ಷ, ಮಾಮಾನಿಗೆ ಇಂಟರ್ನೆಟ್ ಕೊಡುವ ಮೇಲಿನ ಕಂಪನಿಯವರು ಚಿಗಟೇರಿಯಲ್ಲೂ ಇಂಟರ್ನೆಟ್ಟಿನ ಹೊಸ ನಮೂನೆಯ ವಿಳಾಸಗಳು ನಡೆಯಬೇಕು ಎಂದರು. ಹಳೆಯ ವಿಳಾಸಗಳು ಸಾಲದಾಗಿ, ಮಾರುದ್ದದ ಹೊಸವು ಬಂದಿವೆ. ಆದರೆ ಕೊಟ್ಟೂರು, ಚಿಗಟೇರಿಗಳ ನಡುವಿನ ಬಾಡಿಗೆ ಲೈನಿಗೆ ಹಳೆಯದಷ್ಟೇ ತಿಳಿಯುತ್ತಿತ್ತು. ಅದಕ್ಕೆ ಉಪಾಯ ಟನಲ್. ಹಾಸ್ಟೆಲ್ಲಿನಲ್ಲಿರುವ ಮಗನಿಗೆ ಕಾನಹೊಸಹಳ್ಳಿಯಿಂದ ಬಸ್ಸಿನಲ್ಲಿ ಬುತ್ತಿ ಕಳಿಸುತ್ತಾರಲ್ಲ, ಹಾಗೆ. ಒಳಗೆ ರೊಟ್ಟಿಯೋ ಹೋಳಿಗೆಯೋ ಕಂಡಕ್ಟರಿಗೆ ಬೇಕಿಲ್ಲ. ಚೀಲದ ಮೇಲಿನ ಹೆಸರು ನೋಡಿ ಇಳಿಸುತ್ತಾನೆ. ಹೊಸದನ್ನು ಹಳೆಯದರ ಚೀಲದಲ್ಲಿ ಕಟ್ಟಿ ಕಳಿಸಬೇಕು, ಆ ತುದಿಯಲ್ಲಿ ಬಿಚ್ಚಿಕೊಳ್ಳಬೇಕು. ಅಷ್ಟೇ.

ಭಾನುವಾರ ಮೂರು ಗಂಟೆಗೆ ಕಂಪನಿಯ ಎಂಜಿನಿಯರು ತನ್ನ ಊರಿನಿಂದಲೇ ಪರೀಕ್ಷೆ ಮಾಡುವವನಿದ್ದ. ನಡೆಯದಿದ್ದರೆ ಚಿಗಟೇರಿ ಬೇರೆಯವರ ಪಾಲು. ಅಂಥದರಲ್ಲಿ ಶುಕ್ರವಾರ ಮಾಮಾನಿಗೆ ಹೊಟ್ಟೆನೋವು ಬಂದು, ದಾವಣಗೆರೆಯಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಮಂಚದ ಪಕ್ಕ ಎದೆ ಉಬ್ಬಿಸಿ ನಿಂತು, "ನಾ ಅದೀನಲ್ಲ ಮಾಮಾ, ಕಣ್ಣು ಮುಚ್ಚಿ ಮಾಡ್ತೀನಿ" ಅಂದೆ.

"ಕಣ್ಣು ತಗದು ಮಾಡಪಾ, ನಿನ್ನ ಕೈ ಮುಗಿತೀನಿ" ಎಂದು ಅವನು ಆಫೀಸಿನ ಕೀಲಿ ಕೊಟ್ಟ. ಹೊಲಿಗೆ ಬಿಚ್ಚೀತೆಂದು ನಗಲಿಲ್ಲ. ಕೀಲಿಯ ಮೇಲೆ ನನ್ನ ಬೆರಳುಗಳನ್ನು ತಾನೇ ಮಡಚಿ, ಇನ್ನೊಮ್ಮೆ ಒತ್ತಿದ. ಚಿಗಟೇರಿ ಕೈಬಿಟ್ಟು ಹೋದರೆ ಅವನಿಗೆ ಏನಾಗುತ್ತದೆಂದು ನನಗೆ ಆಗ ಹೊಳೆಯಿತು.

ಭಾನುವಾರ ಕೊಟ್ಟೂರಿನ ಸ್ವಿಚ್ಚಿಗೆ ಬರೆದೆ: ಕಳಿಸುವವರು ಕೊಟ್ಟೂರು, ಮುಟ್ಟಬೇಕಾದವರು ಚಿಗಟೇರಿ. ಆಮೇಲೆ ಕುಳಿತಲ್ಲಿಂದಲೇ ಚಿಗಟೇರಿಯ ಸ್ವಿಚ್ಚಿನೊಳಗೆ ಹೊಕ್ಕೆ. ಅಲ್ಲಿ ಎರಡು ಹೆಸರುಗಳನ್ನೂ ಅದಲುಬದಲು ಮಾಡಬೇಕು. ಐದು ತಾಲ್ಲೂಕಿಗೆ ಒಬ್ಬನೇ ಬುದ್ಧಿವಂತನಾದ ನಾನು ಇದ್ದದ್ದನ್ನು ಇದ್ದ ಹಾಗೆ ನಕಲು ಹೊಡೆದೆ. ಚಿಗಟೇರಿ ತಾನೇ ಕೊಟ್ಟೂರೆಂದು ತಿಳಿದು, ತನಗೆ ತಾನೇ ಬುತ್ತಿ ಕಟ್ಟಿಕೊಂಡು ಕೂತಿತು. ತಪ್ಪು ಕಂಡು ತಿದ್ದಲು ಹೊರಟೆ, ಅಷ್ಟರಲ್ಲಿ ಅಲ್ಲಿ ಕರೆಂಟು ಹೋಯಿತು. ಬರೆದದ್ದನ್ನು ಸೇವ್ ಕೂಡ ಮಾಡಿರಲಿಲ್ಲ. ಅಲ್ಲಿನ ಬ್ಯಾಟರಿ ರಿಪೇರಿಗೆ ಬಂದು ನನ್ನ ಕಾಲ ಬಳಿಯೇ ಬಿದ್ದಿತ್ತು.

ಗಂಟೆ ಎರಡೂ ಮುಕ್ಕಾಲು. ಮಾಡಲು ಬೇರೇನೂ ಇಲ್ಲದೆ ಚಿಗಟೇರಿಯ ಹೊಸ ವಿಳಾಸವನ್ನು ಕರೆಯುತ್ತ ಕೂತೆ. ಉತ್ತರ ಬಾರದಿದ್ದರೆ ಪರದೆಯ ಮೇಲೆ ಒಂದು ಚುಕ್ಕಿ ಬೀಳುತ್ತದೆ, ಬಂದರೆ ಒಂದು ಆಶ್ಚರ್ಯಸೂಚಕ. ಚುಕ್ಕಿ, ಚುಕ್ಕಿ, ಚುಕ್ಕಿ. ಊರಿನ ಅಂಗಳಕ್ಕೆಲ್ಲ ಆಗುವಷ್ಟು ರಂಗೋಲಿ ಇತ್ತು. ಆಮೇಲೆ ಒಂದು ಆಶ್ಚರ್ಯಸೂಚಕ ಬಿತ್ತು. ಇನ್ನೊಂದು. ಆಮೇಲೆ ಸಾಲುಸಾಲು.

ಗಿರಣಿಯ ಗಂಗಮ್ಮನಿಗೆ ಫೋನ್ ಮಾಡಿದೆ. "ಕರೆಂಟು ಬಂತೇನ್ರಿ?"

"ಎಲ್ಲೀದಪಾ! ಜ್ವಾಳ ಅರ್ಧಕ್ಕ ನಿಂತೈತಿ, ಮಂದಿ ನನ್ನ ಬೀಸಂಗದಾರ."

"ಮ್ಯಾಲೆ ಹೋಗಿ ನಮ್ಮ ಡಬ್ಬಿ ನೋಡ್ರಿ. ದೀಪ ಮಿಣಿಮಿಣಿ ಅನ್ನಾಕತ್ತಾವೇನು?"

ಬೈಯುತ್ತ ಮೆಟ್ಟಿಲು ಹತ್ತಿದ ಸದ್ದು ಕೇಳಿತು. ಆಮೇಲೆ ದನಿ: "ಕಿಟಕ್ಯಾಗಿಂದ ನೋಡಾಕತ್ತೀನೋ ತಮ್ಮಾ. ಒಂದು ದೀಪಾನೂ ಇಲ್ಲ. ಸತ್ತಂಗ ಬಿದ್ದೈತಿ."

ನನ್ನ ಕಣ್ಣೆದುರು ಅದು ಉತ್ತರ ಕೊಡುತ್ತಲೇ ಇತ್ತು.

ಮೂರಕ್ಕೆ ಎಂಜಿನಿಯರನ ಫೋನು ಬಂತು. "ಚಿಗಟೇರಿ ಛಲೋ ಬರಾಕತ್ತೈತಿ ನೋಡಪಾ. ಊರು ನಿಮ್ಮ ಮಾಮಾಗ ಇರ್ಲಿ, ಬರಕೊಂಡೀನಿ." ಹತ್ತು ನಿಮಿಷಕ್ಕೆ ಚಿಗಟೇರಿಗೆ ಕರೆಂಟು ಬಂತು. ಡಬ್ಬಿಗೆ ಜೀವ ಬಂದದ್ದೇ ತಡ, ಉತ್ತರ ನಿಂತಿತು. ಮತ್ತೆ ಚುಕ್ಕಿ.

ಕರೆಂಟು ಬಂದ ಮೇಲೆ ನಿಂತದ್ದು ಸರಿಯೇ. ಸೇವ್ ಮಾಡದ್ದನ್ನು ಅದು ಮರೆತಿತ್ತು. ಅದಕ್ಕೆ ಮೊದಲಿನದೇ ನನಗೆ ತಿಳಿಯದ್ದು. ಬೇರೆ ಯಾವುದೋ ಡಬ್ಬಿ ಅದೇ ವಿಳಾಸದಿಂದ ಓಗೊಟ್ಟಿತೇ? ಅದೂ ಟನಲ್ಲಿನಲ್ಲೇ ಬರಬೇಕಿತ್ತು, ಟನಲ್ಲೇ ಇರಲಿಲ್ಲ. ನನ್ನ ಕಣ್ಣಿಗೆ ಭ್ರಮೆ ಎನ್ನಲು ಎಂಜಿನಿಯರೂ ನೋಡಿದ್ದಾನೆ. ಮುಂದಿನ ವಾರ ಮಾಮಾ ಬಂದು ಎರಡೂ ತುದಿಗಳನ್ನು ತಾನೇ ಸರಿಯಾಗಿ ಬರೆದ. ಆವತ್ತು ನಾನು ಬರೆದುಕೊಂಡಿದ್ದ ಹಾಳೆ ನೋಡಿ, "ಹಿಂಗ ಬರದ್ರ ಕರೆಂಟಿದ್ರೂ ನಡ್ಯಂಗಿಲ್ಲಲೇ" ಅಂದ. ಆಮೇಲೆ ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಈಗ ಅಲ್ಲಿ ಹೊಸ ಲೈನು ಬಂದಿದೆ, ಟನಲ್ ಬೇಕಿಲ್ಲ. ಆ ಉತ್ತರದ ಸಾಲನ್ನು ಇನ್ನೊಮ್ಮೆ ನೋಡಬೇಕೆಂದು ಮಾತ್ರ ಆಸೆಯಾಗುತ್ತದೆ.

ಸಾಕ್ಷಿ ಎಲ್ಲಿ ಅಂತೀರಿ. ಇತ್ತು, ಆ ಭಾನುವಾರ ಪರದೆಯ ಮೇಲೆ ಇನ್ನೂ ಇತ್ತು. ಫೋಟೊ ತೆಗೆಯಲು ಮೊಬೈಲ್ ಎತ್ತಿದೆ. ಬಾಗಿಲು ದೂಡಿಕೊಂಡು ಅಮ್ಮ ಬಂದಳು. ಕಣ್ಣು ಕೆಂಪಾಗಿದ್ದವು.

"ನಿಮ್ಮ ಮಾಮಾ ಫೋನ್ ಮಾಡಿದ್ದ. ಚಿಗಟೇರಿ ಉಳೀತು ಅಕ್ಕಾ ಅಂತ ಸಣ್ಣ ಹುಡುಗರಂಗ ಅತ್ತ. ಆ ಎಂಜಿನಿಯರಪ್ಪನ ಹೊಟ್ಟಿ ತಣ್ಣಗಿರ್ಲಿ, ಎಲ್ಲಾ ತಾನ ಕುಂತು ಮಾಡ್ಯಾನ."

"ಅಮ್ಮಾ, ಅವ ಅಲ್ಲ, ಅದನ್ನ ಮಾಡಿದ್ದು..."

'ನಾನು' ಎನ್ನಲು ಬಾಯಿ ತೆರೆದೆ. ನಾನಲ್ಲ ಎಂದು ನನಗೇ ಗೊತ್ತಿತ್ತು. ಹುಟ್ಟಿದ ಮೇಲೆ ಮೊದಲ ಸಲ ಜಂಬ ಕೊಚ್ಚಿಕೊಳ್ಳಲು ನಾಲಿಗೆ ಏಳಲಿಲ್ಲ.

"ಮಾಮಾ ದವಾಖಾನ್ಯಾಗ ಅಳಾಕತ್ತಾನ, ನೀ ಇಲ್ಲಿ ಗೇಮ್ ಆಡ್ಕೋಂತ ಕುಂತೀ? ನಡೀಲೇ ಮನಿಗೆ" ಎಂದು ಅಮ್ಮ ಗೋಡೆಗೆ ಕೈ ಚಾಚಿ ಕರೆಂಟಿನ ಮೇನ್ ಎಳೆದಳು. ಪರದೆ ಕಪ್ಪಾಯಿತು.