ಬೆರಳಲ್ಲಿ ಎತ್ತುವ ಮೂಕಿ

ಮಂಡ್ಯದ ಸಕ್ಕರೆ ಕಾರ್ಖಾನೆಗೆ ಮೂವತ್ತೆಂಟು ವರ್ಷ ಕಬ್ಬಿನ ಗಾಡಿ ಹೊಡೆದ ಅಪ್ಪಾಜಿಗೆ ತನ್ನ ಬಗ್ಗೆ ಇದ್ದ ಹೆಮ್ಮೆ ಒಂದೇ. ಅವನು ಹೂಡಿದ ಯಾವ ಎತ್ತಿಗೂ ಹೆಗಲು ಹುಣ್ಣಾದದ್ದಿಲ್ಲ. ಒಂದೂವರೆ ಟನ್ನು ಕಬ್ಬು ಹೇರಿದ ಮೇಲೂ ಅವನ ಗಾಡಿಯ ಮೂಕಿಯನ್ನು, ಎರಡು ಎತ್ತುಗಳ ನಡುವೆ ಚಾಚಿ ನೊಗಕ್ಕೆ ಸೇರುವ ಆ ಉದ್ದನೆಯ ಮರವನ್ನು, ಒಂದು ಬೆರಳಲ್ಲಿ ಎತ್ತಬಹುದಿತ್ತು. ಭಾರವನ್ನು ಅಚ್ಚಿನಿಂದ ಒಂದು ಗೇಣು ಹಿಂದಕ್ಕೆ ಸರಿಸಿ ಬಿಗಿಯುವ ಕಲೆ ಅದು. ಕಾರ್ಖಾನೆ ಗೇಟಿನಲ್ಲಿ ಸಾಲುಗಟ್ಟಿ ನಿಂತವರು ಇವನನ್ನು ಕರೆದು, ತಮ್ಮ ಹೇರು ಸರಿಯಿದೆಯೇ ಎಂದು ಕೇಳುತ್ತಿದ್ದರು. ಅಂಥವನು ಈಗ ಮೂರು ವರ್ಷದಿಂದ ಚೆನ್ನೈನ ಪಲ್ಲಾವರಂನಲ್ಲಿ, ಮೂರನೇ ಮಹಡಿಯ ಮನೆಯ ಬಾಲ್ಕನಿಯಲ್ಲಿ ಕೂತು, ತಲೆಯ ಮೇಲೆ ಇಳಿಯುವ ವಿಮಾನಗಳ ಹೊಟ್ಟೆ ನೋಡಿಕೊಂಡಿದ್ದ.

ಮಗ ಮೋಹನ ಒರಗಡಂನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಕೆಟ್ಟವನಲ್ಲ. ಅಪ್ಪನಿಗೆ ಬಿಪಿ ಮಾತ್ರೆ, ಚಪ್ಪಲಿ, ಕನ್ನಡ ಪೇಪರು ಎಲ್ಲ ಹೊತ್ತುಹೊತ್ತಿಗೆ ತಂದುಕೊಡುತ್ತಿದ್ದ. ಕೇಳುತ್ತಿರಲಿಲ್ಲ, ಅಷ್ಟೆ. ಮನೆ ಬದಲಿಸುವಾಗ ಕೇಳಲಿಲ್ಲ, ಮೊಮ್ಮಗ ಲಿಖಿತನನ್ನು ಯಾವ ಶಾಲೆಗೆ ಹಾಕಲಿ ಎಂದೂ ಕೇಳಲಿಲ್ಲ. ಎಪ್ಪತ್ತರ ಗಂಡಸಿಗೆ ಅನ್ನ ಹಾಕುವವರು ಸಿಕ್ಕಬಹುದು, ಮಾತು ಕೇಳುವವರು ಸಿಕ್ಕುವುದು ಕಷ್ಟ. ಅಪ್ಪಾಜಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು.

ಹೀಗಿರುವಾಗ ಮೌನ, ಮೋಹನನ ಹೆಂಡತಿ, ಮುದ್ದೆ, ಬಸ್ಸಾರು, ತಟ್ಟೆ ಇಡ್ಲಿಯ ವ್ಯಾಪಾರ ಹಿಡಿದಳು. ಊರು ಬಿಟ್ಟು ಬಂದ ಕನ್ನಡದ ಕುಟುಂಬಗಳು ವಾರಕ್ಕೊಮ್ಮೆ ಎಲ್ಲಾದರೂ ಸೇರುತ್ತಿದ್ದವು. ಇವಳ ಅಡುಗೆ ಇಲ್ಲದೆ ಸೇರುವುದೇ ಇಲ್ಲ ಎನ್ನುವ ಮಟ್ಟಕ್ಕೆ ಬಂತು. ಸಾಮಾನಿಗೆ ಒಂದು ಟೆಂಪೊ, ಮನೆಯವರಿಗೆ ಎರಡು ಆಟೊ ಎಂದು ಆರು ತಿಂಗಳು ಹೆಣಗಿ, ಕೊನೆಗೆ ಒಂದು ಅಡುಗೆ ಟ್ರೈಲರು ಮಾಡಿಸಿದರು. ಎರಡು ಚಕ್ರದ್ದು, ಬದಿಯ ಹಲಗೆ ಎತ್ತಿದರೆ ಅಂಗಡಿ. ಇನ್ನು ಬೇಕಾದದ್ದು ಅದನ್ನು ಎಳೆಯುವ, ಆರು ಜನರನ್ನೂ ಹೊರುವ ಒಂದು ದೊಡ್ಡ ವಾಹನ.

ನಾಲ್ಕು ಭಾನುವಾರ ಪಲ್ಲಾವರಂನ ಹೆದ್ದಾರಿಯಾದ ಜಿಎಸ್‌ಟಿ ರಸ್ತೆಯ ಶೋರೂಮುಗಳನ್ನು ಸುತ್ತಿದರು. ಮೋಹನ ಮೈಲೇಜು ನೋಡಿದ. ಮೌನ ನೋಡಿದ್ದು ಮೂರನೇ ಸಾಲನ್ನು. ಪ್ರತಿ ಗಾಡಿಯಲ್ಲೂ ಅತ್ತೆ ಪುಟ್ಟತಾಯಮ್ಮನನ್ನು ಹಿಂದಕ್ಕೆ ಹತ್ತಿಸಿ, ಮಂಡಿ ಎದೆಗೆ ತಾಕುತ್ತದೆಯೇ, ಏಸಿ ಗಾಳಿ ಬರುತ್ತದೆಯೇ ಎಂದು ವಿಚಾರಿಸಿದಳು. ಅಪ್ಪಾಜಿ ಮಾತ್ರ ಪ್ರತಿ ಗಾಡಿಯ ಹಿಂದೆ ಹೋಗಿ ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಕೈಯೂರಿ, ಬಗ್ಗಿ ಹೊಟ್ಟೆ ನೋಡುತ್ತಿದ್ದ. ಜಾತ್ರೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡಿದ ಅಭ್ಯಾಸ ಎಲ್ಲಿಗೆ ಹೋಗುತ್ತದೆ. ಶೋರೂಮಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಮೊದಲ ಎರಡು ಗಾಡಿ ಅವನಿಗೆ ಹಿಡಿಸಲಿಲ್ಲ. "ಮೈಯೆಲ್ಲ ತಗಡು, ಮೂಳೆ ಇಲ್ಲ" ಅಂದ. ಮೂರನೆಯದರ ಕೆಳಗೆ ಈ ತುದಿಯಿಂದ ಆ ತುದಿಗೆ ಎರಡು ದಪ್ಪ ಕಬ್ಬಿಣದ ತೊಲೆಗಳು ಹಾದಿದ್ದವು. ಅಪ್ಪಾಜಿ ಅದರ ಮೇಲೆ ಗೆಣ್ಣಿನಿಂದ ಕುಟ್ಟಿ, ಎದ್ದು ಕೈ ಒರೆಸಿಕೊಂಡ.

"ಎಳ್ಯಾದಾದ್ರೆ ಇದೇ ಎಳೀಬೇಕು ಕಣೋ ಮೋಹನ."

ಮೋಹನ ಫೋನಿನಲ್ಲಿ ಏನೇನೋ ಓದಿ, ತಲೆಯೆತ್ತಿ ಅಪ್ಪನನ್ನು ನೋಡಿದ. "ಸರಿಯಾಗೇ ಹೇಳ್ದೆ ಅಪ್ಪ. ಎಳೆಯೋಕೆ ಇಂಥ ಚಾಸಿಸ್ಸೇ ಒಳ್ಳೇದಂತೆ. ಆಯ್ತು, ಗಾಡಿ ಇದೇ. ಟ್ರೈಲರ್‌ಗೆ ಸಾಮಾನು ತುಂಬ್ಸೋ ಕೆಲ್ಸ ಇನ್ಮೇಲೆ ನಿಂದೇ. ಅದ್ರಲ್ಲಿ ನಾನು ತಲೆ ಹಾಕಲ್ಲ."

ಮೂರು ವರ್ಷದಲ್ಲಿ ಮೊದಲ ಸಲ ಮಗ ಒಂದು ಕೆಲಸ ಒಪ್ಪಿಸಿದ್ದ. ಅಪ್ಪಾಜಿಗೆ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು ಮತ್ತೆ ಗಾಡಿಯ ಹಿಂದಕ್ಕೆ ಹೋದ.

ಮೋಹನ, ಮೌನ, ಲಿಖಿತ ಓಡಿಸಿ ನೋಡಲು ಹೊರಗೆ ಹೋದರು. ಪುಟ್ಟತಾಯಮ್ಮ ಪ್ರದರ್ಶನಕ್ಕಿಟ್ಟ ಗಾಡಿಯ ಮೂರನೇ ಸಾಲಿನಲ್ಲಿ ತಂಪಾಗಿ ಕೂತಿದ್ದಳು. ಅಪ್ಪಾಜಿಯ ಜೊತೆ ಉಳಿದದ್ದು ಹತ್ತು ವರ್ಷದ ಮೊಮ್ಮಗಳು ತೇಜು. ಚೆನ್ನೈನಲ್ಲೇ ಅಕ್ಷರ ಕಲಿತ ಹುಡುಗಿ, ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ತೆರೆದರೆ ಅರ್ಧ ತಮಿಳು. ಶೋರೂಮಿನ ಕಪ್ಪು ಬೂಟಿನ ಯುವಕ, ಟ್ರೈಲರಿನ ಸುದ್ದಿ ಕೇಳಿದವನು, ಮುದುಕನ ಹತ್ತಿರ ಬಂದು ತಮಿಳಿನಲ್ಲಿ ನಿಧಾನವಾಗಿ, ಕೈಸನ್ನೆ ಮಾಡಿ ಏನೋ ತಿಳಿಸಿದ.

"ತಾತಾ, ಅಂಕಲ್ ಸೊಲ್ರಾರು," ಎಂದಳು ತೇಜು. ಹೇಳುವುದು ಅನ್ನುವ ಮಾತು ಅವಳಿಗೆ ಯಾವಾಗಲೂ 'ಸೊಲ್ಲು' ಎಂದೇ ಬರುವುದು. "ಟ್ರೈಲರ್‌ದು ಮುಂದೆ ವೆಯ್ಟ್ ಜಾಸ್ತಿ ಇರಬೇಕಂತೆ. ನೂರು ಕಿಲೋ ಇದ್ರೆ ಹತ್ತು ಕಿಲೋ ಹುಕ್ ಮೇಲೆ ಕೂರಬೇಕಂತೆ. ಹಿಂದೆ ವೆಯ್ಟ್ ಆದ್ರೆ ಫಾಸ್ಟ್ ಆಗಿ ಹೋಗುವಾಗ ಟೇಲ್ ಆಡುತ್ತಂತೆ. ರೊಂಬ ಡೇಂಜರ್."

ಅಪ್ಪಾಜಿಗೆ ಮಾತು ಚೆನ್ನಾಗಿಯೇ ಅರ್ಥವಾಯಿತು. ಅರ್ಥವಾದದ್ದೇ ಕಿರಿಕಿರಿ. ಮುಂದೆ ಭಾರ ಹಾಕು ಎಂದರೆ ಎತ್ತಿನ ಕತ್ತಿನ ಮೇಲೆ ಕೂರು ಎಂದ ಹಾಗೆ. ಎಳೆಯುವ ಪ್ರಾಣಿಯ ಹೆಗಲಿಗೆ ಹೊರೆಯನ್ನೂ ಹೊರಿಸುವವನು ಗಾಡಿಯವನೇ ಅಲ್ಲ.

"ಎತ್ತಿನ ಮೊಕ ಕಂಡಿದ್ದಾನಾ ಇವ್ನು? ನಗ್ತಾ ತಲೆ ಆಡ್ಸಿ ಕಳ್ಸವ್ವ" ಅಂದ.

ಯುವಕ ಹೋದ ಮೇಲೆ ಅವನಿಗೆ ಒಂದು ಯೋಚನೆ ಬಂತು. ಇದು ಮೋಹನನ ಕಿವಿಗೆ ಬಿದ್ದರೆ ಮೊದಲು ಫೋನು ತೆಗೆಯುತ್ತಾನೆ. ಫೋನು ಶೋರೂಮಿನವನ ಕಡೆಯೇ ಮಾತಾಡುತ್ತದೆ. ಆಮೇಲೆ ಟ್ರೈಲರು ತುಂಬುವ ಕೆಲಸವೂ ಕೈಬಿಟ್ಟಿತು, ಮತ್ತೆ ಬಾಲ್ಕನಿಯೇ ಗತಿ. ಅವನು ಕುಕ್ಕರುಗಾಲಲ್ಲಿ ಕೂತು ಮೊಮ್ಮಗಳ ಎರಡೂ ಕೈ ಹಿಡಿದುಕೊಂಡ.

"ಇದ್ನ ನಿಮ್ಮಪ್ಪಂಗೆ ಹೇಳ್ಬ್ಯಾಡ ಕಣವ್ವ. ನಾನೂ ನೀನೂ ಇಬ್ರೇ."

"ಪ್ರಾಮಿಸ್," ಎಂದಳು ತೇಜು. ತಾತ ತನ್ನೊಬ್ಬಳಿಗೇ ಒಂದು ಗುಟ್ಟು ಕೊಟ್ಟದ್ದು ಅವಳಿಗೆ ಬಹಳ ದೊಡ್ಡ ಸಂಗತಿಯಾಗಿ ಕಂಡಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಪಕ್ಕದಲ್ಲಿ, ಹೌದು ಮೂರೇ ಎನ್ನುವ ಒಂದು ಮಗು ಇದ್ದರೆ ಆಗಿಹೋಯಿತು.

ಗಾಡಿ ಮನೆಗೆ ಬಂತು. ಬೀದಿಯ ಕೊನೆಯ ವರ್ಕ್‌ಶಾಪಿನ ರಾಮದಾಸ ಅದರ ಹಿಂದಕ್ಕೆ ಟ್ರೈಲರಿನ ಹುಕ್ಕು ಕೂರಿಸಿದ. ಕೆಲಸ ಮುಗಿದ ಮೇಲೆ ಅದರ ಮೇಲೆ ತಾನೇ ಹತ್ತಿ ನಿಂತು ಕುಣಿದು ತೋರಿಸಿದ. "ಆನೆ ಕಟ್ಟಿದರೂ ಅಲ್ಲಾಡುವುದಿಲ್ಲ ಅಯ್ಯಾ" ಎಂದು ಅವನು ತಮಿಳಿನಲ್ಲಿ ಅಂದದ್ದನ್ನು ತೇಜು ತಾತನಿಗೆ ಕನ್ನಡ ಮಾಡಿ ಹೇಳಿದಳು. ಅದು ನಿಜವೂ ಆಗಿತ್ತು.

ಅಪ್ಪಾಜಿ ಟ್ರೈಲರು ತುಂಬಿದ. ಗ್ರೈಂಡರು, ಕಬ್ಬಿಣದ ಕಾವಲಿ, ಎರಡು ಸಿಲಿಂಡರು, ಇನ್ನೂರು ಲೀಟರಿನ ನೀರಿನ ಡ್ರಮ್ಮು. ಭಾರದ್ದನ್ನೆಲ್ಲ ಅಚ್ಚಿನ ಹಿಂದಕ್ಕೆ ಸರಿಸುತ್ತ, ಮತ್ತೆ ಮತ್ತೆ ಮುಂದೆ ಬಂದು ಬೆರಳಿಟ್ಟು ನೋಡುತ್ತ, ಕೊನೆಗೆ ಟ್ರೈಲರಿನ ಮೂತಿ ತೋರುಬೆರಳಿಗೆ ಹಗುರವಾಗಿ ಏಳುವಂತೆ ಮಾಡಿದ. ಲಿಖಿತ ಅದನ್ನು ವಿಡಿಯೋ ಮಾಡಿಕೊಂಡ. ಮೌನ, "ಮಾವ, ಈ ಕಲೆ ನಿಮ್ ಕೈಯಲ್ಲೇ ಇದೆ" ಎಂದಳು. ಅಪ್ಪಾಜಿ ಆವತ್ತು ಎರಡು ಮುದ್ದೆ ಉಂಡ.

ಪಲ್ಲಾವರಂನ ಒಳಗೆ, ತಾಂಬರಂ ಕಡೆಗೆ, ಎತ್ತಿನ ನಡಿಗೆಗಿಂತ ಸ್ವಲ್ಪ ಜೋರು ಎನ್ನುವ ಟ್ರಾಫಿಕ್ಕಿನಲ್ಲಿ ನಾಲ್ಕಾರು ಸಲ ಹೋಗಿಬಂದರು. ಏನೂ ಆಗಲಿಲ್ಲ. ಐದನೇ ಸಲ ಹೊರವರ್ತುಲ ರಸ್ತೆಗೆ ಹತ್ತಿದಾಗ ಮೋಹನನ ಕೈಯಲ್ಲಿ ಸ್ಟಿಯರಿಂಗು ಅದುರಿತು.

"ಏನೋ ಹಿಂದ್ಗಡೆ ಹಿಡಿದು ಎಳೆದಂಗೆ ಆಯ್ತು," ಅಂದ.

"ಗಾಳಿ," ಅಂದ ಅಪ್ಪಾಜಿ.

ಮೂರನೇ ಸಾಲಿನಿಂದ ಪುಟ್ಟತಾಯಮ್ಮ ನಕ್ಕಳು. ಆ ಜಾಗವನ್ನು ಅವಳು ತನಗೇ ಎಂದು ಇಟ್ಟುಕೊಂಡಿದ್ದಳು. ಮದುವೆಯಾದ ಹೊಸದರಲ್ಲಿ ಗಂಡನ ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು, ದೂರವಾಗುವ ದಾರಿ ನೋಡುತ್ತ ಕೂರುತ್ತಿದ್ದವಳು. ಇಲ್ಲೂ ಬೆಲ್ಟು ಬಿಚ್ಚಿ, ಸೀಟಿನಲ್ಲಿ ಓರೆಯಾಗಿ, ಹಿಂದಿನ ಗಾಜಿನ ಕಡೆಗೆ ತಿರುಗಿ ಕೂರುವುದೇ ಅವಳ ರೂಢಿ. "ನಾಯಿ ಬಾಲ ಆಡ್ಸ್ದಂಗೆ ಆಡುಸ್ತಾ ಬತ್ತಾ ಐತೆ, ನೋಡ್ರಿ ಇತ್ಲಾಗೆ" ಎಂದಳು.

ಅಪ್ಪಾಜಿ ತಿರುಗಿ ನೋಡಲಿಲ್ಲ. ತೇಜು ಅಜ್ಜಿಯ ಪಕ್ಕ ಕೂತಿದ್ದಳು. ಅವಳು ಏನೂ ಹೇಳದೆ ತಾತನ ಬೆನ್ನನ್ನೇ ನೋಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು.

ಆ ವಾರ ಅವನಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಹೊಸ ಎತ್ತು, ನೊಗಕ್ಕೆ ಒಗ್ಗಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಎತ್ತು ಅದುರಿದರೆ ಹೆಗಲು ನೋಯುತ್ತಿದೆ ಎಂದರ್ಥ, ಹೆಗಲು ನೋಯುತ್ತಿದ್ದರೆ ಮೂಕಿ ಇನ್ನೂ ಹಗುರಾಗಬೇಕು. ಮೂವತ್ತೆಂಟು ವರ್ಷ ಸುಳ್ಳಾಗದ ಲೆಕ್ಕ. ಎತ್ತು ಗಂಟೆಗೆ ಒಂದು ಹರದಾರಿ, ಮೂರು ಮೈಲಿ, ನಡೆಯುತ್ತದೆ, ಈ ಗಾಡಿ ಹದಿನಾರು ಹರದಾರಿ ಓಡುತ್ತದೆ ಎನ್ನುವುದನ್ನು ಆ ಲೆಕ್ಕದಲ್ಲಿ ಎಲ್ಲಿ ಸೇರಿಸಬೇಕೋ ಅವನಿಗೆ ತಿಳಿಯಲಿಲ್ಲ. ಕೇಳಬಹುದಿತ್ತು. ಕೇಳಲಿಲ್ಲ.

ಆಷಾಢದ ಭಾನುವಾರ ಮಹಾಬಲಿಪುರದ ಹತ್ತಿರ ನೂರೈವತ್ತು ಜನದ ಊಟ. ಬೆಳಿಗ್ಗೆ ಆರಕ್ಕೆ ಅಪ್ಪಾಜಿ ನೀರಿನ ಡ್ರಮ್ಮನ್ನು ಟ್ರೈಲರಿನ ಕಟ್ಟಕಡೆಯ ಮೂಲೆಗೆ ತಳ್ಳಿ ಹಗ್ಗ ಬಿಗಿದ. ಹುಕ್ಕು ಹಾಕಲು ಬಂದ ರಾಮದಾಸ ಗಾಳಿಗೆ ತಲೆಗೆ ಟವೆಲು ಸುತ್ತಿಕೊಂಡಿದ್ದ. ಈ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂದು ಇಲ್ಲಿಯವರ ಗಾದೆ, ಅದನ್ನು ಹೇಳಿ ನಕ್ಕ. ತೇಜು ಟ್ರೈಲರಿನ ಬಳಿ ಬಂದು ನಿಂತಳು. ಡ್ರಮ್ಮನ್ನು ನೋಡಿದಳು.

"ತಾತಾ, ಅಪ್ಪನ ಹತ್ರ ಸೊಲ್ಲಲಾ?"

"ಬ್ಯಾಡ," ಎಂದ ಅಪ್ಪಾಜಿ. ಅಷ್ಟು ಗಡುಸಾಗಿ ಅವನು ಆ ಮಗುವಿನ ಹತ್ತಿರ ಎಂದೂ ಮಾತಾಡಿರಲಿಲ್ಲ. ಅವಳು ಹೋಗಿ ಅಜ್ಜಿಯ ಪಕ್ಕ ಕೂತಳು.

ಕೋವಳಂಗೆ ಮುಂಚೆ ಮುಟ್ಟುಕಾಡಿನ ಸೇತುವೆ ಸಿಗುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು, ಗಾಳಿಗೆ ಯಾವ ಮರೆಯೂ ಇಲ್ಲ. ಮೋಹನ ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿದ್ದ. ಪಕ್ಕದಿಂದ ಒಂದು ಬಸ್ಸು ಬುಸ್ಸೆಂದು ಮುಂದೆ ಹೋಯಿತು, ಅದರ ಬೆನ್ನಿಗೇ ಹಿನ್ನೀರಿನ ಕಡೆಯ ಗಾಳಿ ಹೊಡೆಯಿತು. ಟ್ರೈಲರು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಇನ್ನೂ ಜಾಸ್ತಿ ಹೋಯಿತು. ಗಾಡಿಯ ಹಿಂಭಾಗ ಅದರ ಜೊತೆಗೇ ಎದ್ದು ಎದ್ದು ಬಿತ್ತು. ಮೋಹನ ಬ್ರೇಕು ಒತ್ತಿದ. ಒತ್ತಿದ್ದೇ ತಡ, ಟ್ರೈಲರು ಪೂರ್ತಿ ತಿರುಗಿ ಪಕ್ಕಕ್ಕೆ ಬಂತು, ಅದರ ಬದಿಯ ಹಲಗೆ ಕಿತ್ತು ತೆರೆಯಿತು. ಅಪ್ಪಾಜಿ ಆಗ ಹಿಂದಕ್ಕೆ ತಿರುಗಿ ನೋಡಿದ. ಗಾಜಿನ ಆಚೆ ಅವನೇ ಕಟ್ಟಿದ ಡ್ರಮ್ಮು, ಅವನೇ ಬಿಗಿದ ಹಗ್ಗ, ಗಾಜಿನ ಈಚೆ ಅವನ ಹೆಂಡತಿ. ಅವಳು ಇನ್ನೂ ಆ ಕಡೆಗೇ ತಿರುಗಿ ಕೂತಿದ್ದಳು.

ರಾಮದಾಸನ ಹುಕ್ಕು ಬಿಡಲಿಲ್ಲ, ಟ್ರೈಲರು ಗಾಡಿಯನ್ನೂ ಎಳೆದುಕೊಂಡೇ ಮಗುಚಿತು. ಬಿಟ್ಟಿದ್ದರೆ ಟ್ರೈಲರೊಂದೇ ಹೋಗುತ್ತಿತ್ತೋ ಏನೋ.

ಮಧ್ಯಾಹ್ನ ಆಸ್ಪತ್ರೆಯ ಮೊಗಸಾಲೆಯಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೌನ ಮಾವನಿಗೆ ಕನ್ನಡದಲ್ಲಿ ಹೇಳಿದಳು. ಅತ್ತೆಯ ಬೆನ್ನುಹುರಿಗೆ ಪೆಟ್ಟಾಗಿದೆ. ಜೀವಕ್ಕೆ ಸದ್ಯಕ್ಕೆ ಭಯವಿಲ್ಲ. ಸೊಂಟದ ಕೆಳಗೆ ಸ್ಪರ್ಶವಿಲ್ಲ, ಇನ್ನು ಕಾಲು ಆಡುವುದು ಕಷ್ಟ. ಹೇಳಿ ಮುಗಿಸಿ ಅವಳು ಗೋಡೆಗೆ ಹಣೆ ಒತ್ತಿ ನಿಂತಳು. ಲಿಖಿತನಿಗೆ, ಮೋಹನನಿಗೆ ತರಚು ಗಾಯ. ತೇಜುವಿನ ಎಡಗೈ ಮುರಿದಿತ್ತು, ಹಸಿ ಪ್ಲಾಸ್ಟರು ಹಾಕಿ ತಾತನ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು.

ಮೋಹನ ಅಪ್ಪನ ಮುಂದೆ ಬಂದು ಮಂಡಿಯೂರಿ ಕೂತ. ಅವನ ಅಂಗಿಯ ತೋಳು ಹರಿದಿತ್ತು.

"ಅಪ್ಪ, ನೀನು ಹಿಂಗೆ ಕೂತ್ಕೋಬೇಡ. ನೀನು ಅಷ್ಟು ನಾಜೂಕಾಗಿ ತುಂಬಿದ್ದೆ, ನಂಗೊತ್ತಿಲ್ವಾ. ಎಲ್ಲಾ ಆ ರಾಮದಾಸನ ಹುಕ್ಕಿಂದ ಆಗಿದ್ದು. ಸಡಿಲ ಬಿಟ್ಟಿದ್ದಾನೆ ಕಳ್ಳ. ಬಿಡಲ್ಲ ಅವನನ್ನ. ಈಗ್ಲೇ ಪೊಲೀಸಿಗೆ ಬರ್ಕೊಡ್ತೀನಿ."

ಎದ್ದು ಫೋನು ಕಿವಿಗಿಟ್ಟುಕೊಂಡು ಕಿಟಕಿಯ ಕಡೆಗೆ ಹೋದ. ಮೂವತ್ತೆಂಟು ವರ್ಷದ ಹೆಸರು ಇನ್ನೂ ಹಾಗೇ ಇತ್ತು, ಮಗ ಅದನ್ನು ತಾನೇ ಕೈಯಾರೆ ಉಳಿಸಿಕೊಟ್ಟು ಹೋಗಿದ್ದ. ಅಪ್ಪಾಜಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವನು ತನ್ನ ತೋರುಬೆರಳನ್ನು ನೋಡಿಕೊಂಡ.

ತೇಜು ಒಳ್ಳೆಯ ಕೈಯಿಂದ ಅವನ ಪಂಚೆ ಜಗ್ಗಿದಳು. ಅವನು ಬಗ್ಗಿದ. ಅವಳು ಕಿವಿಗೆ ಬಾಯಿಟ್ಟು, ಪಾಠ ಒಪ್ಪಿಸುವ ಮಗುವಿನ ಹಾಗೆ ಪಿಸುಗುಟ್ಟಿದಳು.

"ತಾತಾ, ಪೊಲೀಸ್ ಅಂಕಲ್ ಕೇಳಿದ್ರು, ಅಮ್ಮ ಕೇಳಿದ್ಲು. ನಾನು ಯಾರ ಹತ್ರಾನೂ ಸೊಲ್ಲಲಿಲ್ಲ."

ಕೈ ಮುರಿದುಕೊಂಡೂ ಕೊಟ್ಟ ಮಾತು ಉಳಿಸಿದ್ದಕ್ಕೆ ಅವಳು ಶಭಾಸ್‌ಗಿರಿಗೆ ಕಾಯುತ್ತ ಅವನ ಮುಖವನ್ನೇ ನೋಡುತ್ತಿದ್ದಳು. ಈ ಭಾರವನ್ನು ಅವನು ಹೊರಿಸಿದ್ದು ಇಷ್ಟು ಎಳೆಯ ಹೆಗಲಿಗೆ.

ಅವಳ ತಲೆ ಸವರಿ, ಕುರ್ಚಿಯ ಕೈ ಹಿಡಿದು ಎದ್ದ. ಕಿಟಕಿಯ ಹತ್ತಿರ ಮೋಹನ ಯಾರಿಗೋ ರಾಮದಾಸನ ಅಂಗಡಿಯ ವಿಳಾಸ ಹೇಳುತ್ತಿದ್ದ. ಅಪ್ಪಾಜಿ ಹೋಗಿ ಅವನ ಭುಜ ಮುಟ್ಟಿದ.

"ಫೋನ್ ಇಡು ಮಗ. ತುಂಬ್ದೋನು ನಾನು."