ಬರ್ಫದ ಪೆಟ್ಟಿಗೆಯಲ್ಲಿ ಅಜ್ಜಿಯ ರಕ್ತ

ಕಾರವಾರದ ನಮ್ಮ ಕಾಲೇಜೆಂದರೆ ಬೇಕರಿಯ ಮೇಲಿನ ಎರಡು ಕೋಣೆ, ಒಂದು ಸೂಕ್ಷ್ಮದರ್ಶಕ, ರಕ್ತ ತಿರುಗಿಸುವಾಗ ಮೇಜನ್ನೂ ಕುಣಿಸುವ ಒಂದು ಹಳೇ ಯಂತ್ರ. ಲ್ಯಾಬ್ ಟೆಕ್ನಿಶಿಯನ್ ಕೋರ್ಸು. ಕೆಳಗಿನಿಂದ ಬಿಸಿ ಪಾವ್ ಬ್ರೆಡ್ಡಿನ ವಾಸನೆ ಬರುವಾಗ ನಾವು ಮೇಲೆ ಒಬ್ಬರಿಗೊಬ್ಬರು ಸೂಜಿ ಚುಚ್ಚಿಕೊಂಡು ಕಲಿಯುತ್ತಿದ್ದೆವು. ನನಗಂತೂ ಹುಚ್ಚು ಕುತೂಹಲ. ಬಸ್ಸಿನಲ್ಲಿ ಪಕ್ಕದವರ ತೋಳು ಕಂಡರೂ ರಕ್ತನಾಳ ಎಲ್ಲಿದೆ ಎಂದು ಹುಡುಕುತ್ತಿದ್ದೆ.

ಆ ವರ್ಷ ಅಂಕೋಲೆಯ ಮನೆಯಲ್ಲಿ ಅಜ್ಜಿಯ ಕಾಲಬೆರಳಿನ ಗಾಯ ಒಣಗಲೇ ಇಲ್ಲ. ಸಕ್ಕರೆ ಕಾಯಿಲೆಯೆಂದು ನನ್ನ ಅನುಮಾನ. ಆಸ್ಪತ್ರೆ ಎಂದರೆ ಸಾಕು, ಅಜ್ಜಿ ಕಾಲನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದಳು. "ನಾ ಸತ್ರೂ ಬರೂದಿಲ್ಲ. ಕಾಲ್ ಕಡೀತ್ರು!" ನೆರೆಮನೆಯ ಮುದುಕನಿಗೆ ಹಾಗೇ ಆಗಿತ್ತು. ಮನೆಯಲ್ಲೇ ರಕ್ತ ತೆಗೆದು ಕಾಲೇಜಿನಲ್ಲಿ ಪರೀಕ್ಷೆ ಮಾಡುತ್ತೇನೆಂದು ಗೋಗರೆದೆ. "ಒಂದೇ ಸಲ ಕೊಡ್ತೆ. ಮತ್ತೆ ಕೇಳೂಕಿಲ್ಲ," ಎಂದಳು.

ಸೋಮವಾರ ಬೆಳಿಗ್ಗೆ ರಕ್ತ ತೆಗೆದು, ನಳಿಕೆಯನ್ನು ಕಿಟಕಿಯಲ್ಲಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ನಮ್ಮ ಆಯಿ, ದಿನಾ ಮೀನು ಮಾರುವ ನನ್ನ ತಾಯಿ, ಅದನ್ನು ಮೀನಿನ ಥರ್ಮೋಕೋಲ್ ಪೆಟ್ಟಿಗೆಯ ಬರ್ಫದಲ್ಲಿ, ಅಂದರೆ ಐಸಿನಲ್ಲಿ, ಹೂತು, ಮೇಲೆ ಉಪ್ಪು ಉದುರಿಸಿ ಮುಚ್ಚಿದ್ದಳು. "ಕಾರ್ವಾರ ಮುಟ್ಟೂವರೆಗೆ ಹಾಳಾಗೂದಿಲ್ಲ ನೋಡು!" ನಾನೂ ಮೀನುಗಾರರ ಮಗಳೇ ಅಲ್ಲವೇ? ಸರಿಯೆನಿಸಿತು.

ಕಾಲೇಜಿನಲ್ಲಿ ಯಂತ್ರ ತಿರುಗಿ ನಿಂತಾಗ ನಳಿಕೆಯಲ್ಲಿ ಮೇಲುಗಡೆ ತಿಳಿಹಳದಿ ನೀರು ಕಾಣಬೇಕಿತ್ತು. ಇಡೀ ನಳಿಕೆ ಮುರುಗಲು ಪಾನಕದ ಹಾಗೆ ಕೆಂಪು. "ಉಪ್ಪು ಹಾಕಿದ ಬರ್ಫಕ್ಕೆ ರಕ್ತ ಕಲ್ಲಿನಂತೆ ಗಟ್ಟಿಯಾಗಿ ಕಣಗಳೆಲ್ಲ ಒಡೆದುಹೋಗಿವೆ. ಇದರಲ್ಲಿ ಏನೂ ಗೊತ್ತಾಗೋದಿಲ್ಲ," ಎಂದರು ನಮ್ಮ ಸರ್. ಅಳು ಬಂತು. ಆದರೂ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಇಣುಕದೆ ಇರಲಾಗಲಿಲ್ಲ.

ಸಂಜೆ ವಿಷಯ ತಿಳಿದು ಆಯಿ ತಲೆಮೇಲೆ ಕೈ ಹೊತ್ತು ಕುಳಿತಳು. ಅಜ್ಜಿ ಸಿಡಿದಳು: "ನನ್ ರಕ್ತ ಎಂತ ಬಂಗಡೆನಾ, ಬರ್ಫಕ್ಕೆ ಹಾಕೂಕೆ?" ಸೂಕ್ಷ್ಮದರ್ಶಕದ ಮಾತು ನೆನಪಾಗಿ ತಾನೇ ಕೇಳಿದಳು, "ಆ ಗಾಜಲ್ಲಿ ನೋಡಿದ್ಯಲ, ಎಂತ ಕಂಡ್ತು?"

"ಎಂತದೂ ಇಲ್ಲ. ಎಲ್ಲರ ರಕ್ತದಲ್ಲೂ ಗುಂಡಗಿನ ಬಿಲ್ಲೆ ಇರ್ತವೆ. ನಿನ್ನದ್ರಲ್ಲಿ ಒಂದೂ ಇಲ್ಲ."

"ಒಂದೂ ಇಲ್ವಾ!" ಅಜ್ಜಿಗೆ ಅವಮಾನವೇ ಆಯಿತು. ತೋಳು ಚಾಚಿ ತೋರಿಸಿದಳು. "ನಾಳೆ ಮತ್ತೆ ತಕಾ. ಈ ಸಲ ಸಮಾ ನೋಡ್ಕಂಡ್ ಬಾ."

ಮರುದಿನ ಆಯಿ ಮೀನಿನ ಬುಟ್ಟಿ ಮುಟ್ಟಲಿಲ್ಲ. ನನ್ನೊಂದಿಗೆ ಬಸ್ಸು ಹತ್ತಿ, ನಳಿಕೆಯನ್ನು ಕೈಯಲ್ಲಿ ಹಿಡಿದು ಕಾರವಾರದವರೆಗೆ ಕುಳಿತಳು. ಕಂಡಕ್ಟರ್ ಟಿಕೆಟ್ ನೀಡಿದಾಗಲೂ ಆ ಕೈ ಬಿಚ್ಚಲಿಲ್ಲ.

ಸಕ್ಕರೆ ಸಿಕ್ಕಾಪಟ್ಟೆ ಇತ್ತು. ನಾವು ಮರಳಿದಾಗ ಅಜ್ಜಿ ಅದನ್ನು ಕೇಳಲೇ ಇಲ್ಲ. ಬಾಗಿಲಲ್ಲೇ, "ಬಿಲ್ಲೆ ಇದ್ವಾ?" ಎಂದಳು.

"ಇದ್ವು ಅಜ್ಜಿ. ರಾಶಿ ಇದ್ವು."

ಅವಳ ಮುಖ ಅರಳಿತು. ಆಮೇಲೆ ಸಕ್ಕರೆಯ ವಿಷಯ ಹೇಳಿದೆ. ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮತ್ತೆ ತಾನೇ ಅದನ್ನು ಹೊರಚಾಚಿ, "ಆಸ್ಪತ್ರೆಗೆ ಬತ್ತೆ. ಅವ್ರು ಎಂತ ಕಡುದ್ರೂ ನೀ ಅಲ್ಲೇ ಇರ್ಬೇಕು," ಎಂದಳು.

ಒಂದು ಬೆರಳು ತೆಗೆದರು. ಎಚ್ಚರವಾದೊಡನೆ ಅಜ್ಜಿ ಮೊಣಕಾಲಿನಿಂದ ಪಟ್ಟಿಯವರೆಗೆ ಎರಡೂ ಕೈಯಲ್ಲಿ ಸವರಿಕೊಂಡಳು.

"ಕಾಲ್ ಅದೆ," ಎಂದಳು. ಮತ್ತೆ ನನ್ನತ್ತ ತಿರುಗಿ, "ಆ ಬೆರಳೂ ಗಾಜಲ್ಲಿ ನೋಡಿದ್ಯನೇ?"