ಅರಿಶಿನ ಹಚ್ಚಿದ ತೋಳು

ವೈನಿಯ ಕುಬಸದ ಮರುದಿನ ಬೆಳಿಗ್ಗೆ ಅವಳ ರಕ್ತ ತೆಗೆದವಳು ನಾನೇ. ವೈನಿ ಅಂದರೆ ಅಣ್ಣನ ಹೆಂಡತಿ, ಕುಬಸ ಅಂದರೆ ಸೀಮಂತ. ಚೊಚ್ಚಲ ಬಸುರಿ, ಏಳು ತಿಂಗಳು. ಎಷ್ಟು ಕಬ್ಬಿಣದ ಗುಳಿಗೆ ನುಂಗಿದರೂ ಅವಳ ರಕ್ತ ಏರುತ್ತಿರಲಿಲ್ಲ. ಹೊಟ್ಟೆ ಹಿಂಡಿದಂತಾಗಿ ಕೂತಲ್ಲೇ ಮುದುಡುತ್ತಿದ್ದಳು. ಹುಮನಾಬಾದಿನ ಡಾಕ್ಟರರು ರಕ್ತದಲ್ಲಿ ಸೀಸ ಇದೆಯೇ ನೋಡಬೇಕೆಂದು ಚೀಟಿ ಬರೆದರು. ನಾನು ಕೆಲಸ ಮಾಡುವ ಲ್ಯಾಬು ಅವರ ದವಾಖಾನೆಯ ಎದುರಿಗೇ ಇದೆ. ಬಸವಕಲ್ಯಾಣದಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ವೈನಿಗೆ ಆ ಕುಲುಕಾಟ ಬೇಡವೆಂದು ನೀಲಿ ಮುಚ್ಚಳದ ಟ್ಯೂಬನ್ನು ಮನೆಗೇ ತಂದಿದ್ದೆ.

ಆ ಟ್ಯೂಬನ್ನು ಲೋಹದ ಅಂಶ ಸೋಕದಂತೆ ತಯಾರಿಸಿರುತ್ತಾರೆ. ಅಳೆಯುವುದು ಅಷ್ಟು ಸಣ್ಣ ಪ್ರಮಾಣವನ್ನು. ಆದ್ದರಿಂದ ತೋಳನ್ನು ಮೊದಲು ಸಾಬೂನು ಹಚ್ಚಿ ತೊಳೆದು, ಆಮೇಲೆ ಸ್ಪಿರಿಟ್ಟಿನಿಂದ ಒರೆಸಬೇಕು. ಆದರೆ ಹಿಂದಿನ ದಿನ ಓಣಿಯ ಮುತ್ತೈದೆಯರೆಲ್ಲ ಅವಳ ಕೆನ್ನೆಗೆ, ಮೊಣಕೈ ಮೇಲಿನವರೆಗೂ ಅರಿಶಿನ ಬಳಿದಿದ್ದರು. ಎಷ್ಟು ಉಜ್ಜಿದರೂ ಹಳದಿ ಬಿಡಲಿಲ್ಲ.

"ಚರ್ಮಾ ಕಿತ್ತು ಬರ್ತದ, ಬಿಡು ಮಾರಾಯ್ತಿ," ವೈನಿ ನಕ್ಕಳು. "ಯುನಿವರ್ಸಿಟಿನಾಗ ಪಾತ್ರಿ ತಿಕ್ಕೋದೂ ಕಲಿಸ್ಯಾರೇನು ನಿಮಗ?"

"ಸಾವಕಾಶ ಚುಚ್ಚವ್ವ, ಎರಡು ಜೀವದಾಕಿ ಅಕಿ," ಎಂದಳು ಅವ್ವ ಒಳಗಿನಿಂದ.

ಮಾದರಿ ಹೈದರಾಬಾದಿಗೆ ಹೋಗಿ ವಾರದೊಳಗೆ ರಿಪೋರ್ಟ್ ಬಂತು. ಸೀಸದ ಅಂಕಿ ಮಿತಿಯನ್ನು ಎಷ್ಟೋ ಪಟ್ಟು ದಾಟಿತ್ತು. ತಾಯಿಯ ರಕ್ತದಲ್ಲಿರುವ ಸೀಸ ಹೊಟ್ಟೆಯ ಮಗುವಿಗೂ ಹೋಗುತ್ತದೆ, ಬೆಳೆಯುವ ಮಿದುಳಿಗೆ ಅದು ಕೆಡುಕು. ಇದು ನನ್ನ ಓದಿನ ವಿಷಯವೇ ಆಗಿತ್ತು. ಬಣ್ಣ ಬರಲೆಂದು ಅರಿಶಿನಕ್ಕೆ ಸೀಸದ ಪುಡಿ ಬೆರೆಸುವುದುಂಟೆಂದೂ ಓದಿದ್ದೆ. ಹಾಗಾದರೆ ಇದು ತೋಳಿನ ಮೇಲಿನ ಅರಿಶಿನದ್ದು, ರಕ್ತದ್ದಲ್ಲ ಎಂದುಕೊಂಡೆ. ಬೆರಳ ತುದಿ ಚುಚ್ಚಿ ತೆಗೆದ ಹನಿಗೆ ಅಂಥ ಭಯ ಹೆಚ್ಚು. ಸೂಜಿ ನೇರ ರಕ್ತನಾಳಕ್ಕೆ ಹೋದಾಗ ಚರ್ಮದ ಬಣ್ಣ ಅಂಕಿಯನ್ನು ಇಷ್ಟು ಏರಿಸಲಾರದು. ಅದೂ ನನಗೆ ಗೊತ್ತಿತ್ತು. ಗೊತ್ತಿದ್ದದ್ದರಲ್ಲಿ ನನಗೆ ಬೇಕಾದದ್ದನ್ನಷ್ಟೇ ಆರಿಸಿಕೊಂಡೆ.

ರಿಪೋರ್ಟನ್ನು ಮಡಚಿ ಬ್ಯಾಗಿನಲ್ಲಿಟ್ಟೆ. ಡಾಕ್ಟರರು ಒಮ್ಮೆ ರಸ್ತೆಯಲ್ಲೇ ಕೇಳಿದರು: "ನಿಮ್ಮ ವೈನಿದು ಬಂತೇನವ್ವ?"

"ಸ್ಯಾಂಪಲ್ ಸರಿ ಇರಲಿಲ್ರಿ ಸರ್. ಮತ್ತ ಕಳಸ್ತೀನ್ರಿ."

ಮನೆಯಲ್ಲೂ ಅಷ್ಟೇ ಹೇಳಿದೆ. ಬಣ್ಣ ಪೂರ್ತಿ ಹೋಗಲೆಂದು ಎರಡು ವಾರ ಕಾದೆ. ತೋಳು ಬೆಳ್ಳಗಾದ ಮೇಲೆ ಮೂರು ಸಲ ತೊಳೆದು, ಹೊಸ ಟ್ಯೂಬಿಗೆ ರಕ್ತ ತೆಗೆದು ಕಳಿಸಿದೆ. ಮತ್ತೊಂದು ವಾರಕ್ಕೆ ಬಂದ ಅಂಕಿ ಮೊದಲಿನದಕ್ಕಿಂತ ಹೆಚ್ಚಿತ್ತು.

ಎರಡೂ ಕಾಗದ ಹಿಡಿದು ರಸ್ತೆ ದಾಟಿದೆ. ಡಾಕ್ಟರರು ಅಂಕಿಗಳಿಗಿಂತ ಹೆಚ್ಚು ಹೊತ್ತು ತಾರೀಖುಗಳನ್ನೇ ನೋಡಿದರು.

"ಇದು ಮೂರು ವಾರದ ಹಿಂದಿಂದು."

"ಹೌದ್ರಿ. ಅರಿಶಿನದ ಸಲುವಾಗಿ ಹಂಗ ಬಂದದಂತ ತಿಳಿದಿದ್ದೆ."

"ನನಗ ತೋರಿಸಿ ತಿಳೀಬೇಕಿತ್ತು," ಎಂದರು. ಬಯ್ಯಲಿಲ್ಲ. ಮನೆಯಲ್ಲಿ ಯಾವ ಪಾತ್ರೆಯಲ್ಲಿ ಅಡುಗೆ ಮಾಡುತ್ತಾರೆ, ಹುಳಿ ಪದಾರ್ಥ ಎಷ್ಟು ತಿನ್ನುತ್ತಾಳೆ ಎಂದು ಕೇಳತೊಡಗಿದರು. ಉತ್ತರ ಹೇಳುತ್ತಿದ್ದಂತೆ ನನ್ನ ಕಣ್ಣ ಮುಂದೆ ಅವ್ವನ ಹಿತ್ತಾಳೆ ಬೋಗುಣಿ ಬಂತು.

ಸೊಸೆ ಬಸುರಿಯಾದಳೆಂದು ತಿಳಿದ ವಾರವೇ ಅವ್ವ ಅಟ್ಟದ ಮೇಲಿನ ಆ ಬೋಗುಣಿಯನ್ನು ಇಳಿಸಿ, ಓಣಿಗೆ ಬಂದ ಕಲಾಯಿಯವನ ಕೈಯಲ್ಲಿ ಒಳಗೆಲ್ಲ ಕಲಾಯಿ ಹಾಕಿಸಿದ್ದಳು. ಸ್ಟೀಲಿನ ಅಡುಗೆಯಲ್ಲಿ ಸತ್ವ ಇರುವುದಿಲ್ಲ ಎಂಬುದು ಅವಳ ನಂಬಿಕೆ. ವೈನಿಗೆ ಹುಳಿಯ ಬಯಕೆ. ದಿನವೂ ಅದರಲ್ಲೇ ಹುಣಸೆಹಣ್ಣಿನ ಸಾರು ಕುದಿಯುತ್ತಿತ್ತು, ಸಂಜೆಯವರೆಗೂ ಅದರಲ್ಲೇ ಇರುತ್ತಿತ್ತು. ಹೊಟ್ಟೆ ನೋವು ಹೆಚ್ಚಾದ ದಿನ ಅವ್ವ ಇನ್ನೊಂದು ಬಟ್ಟಲು ಸಾರು ಹೆಚ್ಚಿಗೆ ಕುಡಿಸುತ್ತಿದ್ದಳು. ಆ ಬಿಳಿ ಲೇಪವನ್ನು ಕೆರೆದು ಪರೀಕ್ಷೆಗೆ ಕಳಿಸಿದೆ. ತವರದ ಕಲಾಯಿ ಎಂದುಕೊಂಡಿದ್ದರಲ್ಲಿ ಸೀಸವೇ ಹೆಚ್ಚಿತ್ತು.

ಆದರೆ ಮನೆಗೆ ಸುದ್ದಿ ಹೇಳಲು ಆ ಉತ್ತರಕ್ಕೆ ಕಾಯಲಿಲ್ಲ. ಡಾಕ್ಟರರಲ್ಲಿಂದ ಬಂದ ಸಂಜೆಯೇ ಹೇಳಿದೆ. ಅವ್ವ ಗೋಡೆಗೆ ಆತು ಕೂತಳು. "ನನ್ನ ಕೈಯಾರೆ ಕುಡಿಸೀನಿ. ಬ್ಯಾಡಂದ್ರೂ ಕುಡಿಸೀನಿ."

ವೈನಿ ನನ್ನನ್ನು ಕೇಳಿದಳು: "ಮೊದಲನೇದು ಯಾವಾಗ ಬಂದಿತ್ತು?"

ಹೇಳಿದೆ. ಅವಳು ಬೆರಳು ಮಡಚಿ ದಿನ ಎಣಿಸಿದಳು. ಆಮೇಲೆ ಅವ್ವನ ಕಡೆ ತಿರುಗಿ, "ನಿಮಗೇನ್ ಗೊತ್ತಿತ್ರಿ ಅತ್ತಿ? ಗೊತ್ತಿದ್ದಾಕಿ ಇಕಿ," ಎಂದಳು.

ಹೆರಿಗೆಗೆ ಅವಳು ಕೊಹಿನೂರು ಹಳ್ಳಿಯ ತವರಿಗೆ ಹೋದಳು. ಹೆಣ್ಣು ಮಗು ಹುಟ್ಟಿತು, ತುಸು ತೂಕ ಕಡಿಮೆ. ಮಗುವಿನ ರಕ್ತವನ್ನೂ ನೋಡಬೇಕೆಂದರು ಡಾಕ್ಟರರು. ನಾನು ಟ್ಯೂಬು ತೆಗೆದುಕೊಂಡು ಬರುತ್ತೇನೆಂದು ಫೋನು ಮಾಡಿದರೆ, "ಬ್ಯಾಡ, ಇಲ್ಲೇ ದವಾಖಾನ್ಯಾಗ ಸಿಸ್ಟರ್ ತಗೀತಾರ," ಎಂದಳು. ಟ್ಯೂಬನ್ನು ಅಣ್ಣನ ಕೈಯಲ್ಲಿ ಕಳಿಸಿದೆ.

ರಿಪೋರ್ಟ್ ಬಂದದ್ದು ನಮ್ಮ ಲ್ಯಾಬಿಗೇ. ತೆರೆದ ಕೂಡಲೇ ಡಾಕ್ಟರರಿಗೆ ಕಳಿಸಿ, ನಿಂತಲ್ಲೇ ವೈನಿಗೆ ಫೋನು ಮಾಡಿದೆ.

"ಬರೇ ಅಂಕಿ ಹೇಳು," ಎಂದಳು. "ನಿನ್ನ ವಿಚಾರ ಬ್ಯಾಡ."

ಅಂಕಿ ಓದಿದೆ. ಮಿತಿ ಎಷ್ಟೆಂದೂ ಓದಿದೆ. ಮಗುವಿನದು ಅದಕ್ಕಿಂತ ಮೇಲಿತ್ತು. ತಾಯಿಯದರಷ್ಟಿಲ್ಲ ಎಂಬ ಮಾತು ಬಾಯಿಯವರೆಗೆ ಬಂದು ನಿಂತಿತು. ಆ ಕಡೆ ಕೂಸು ಅಳುತ್ತಿತ್ತು.

"ಮತ್ತ ಯಾವಾಗ ನೋಡಬೇಕಂತ?"

"ಒಂದು ತಿಂಗಳಿಗೆ, ವೈನಿ."

"ಆತು," ಎಂದು ಫೋನಿಟ್ಟಳು. ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ.